ಸೀಮೆಸುಣ್ಣದ ಚೀಲ

ಹಗ್ಗದಲ್ಲಿ ಜೋತುಬಿದ್ದು ಎತ್ತರದ ಕಟ್ಟಡಗಳ ಹೊರಗೋಡೆಗೆ ಬಣ್ಣ ಬಳಿಯುವುದು ಅವಳ ಗಂಡನ ಕಸುಬು. ಇಪ್ಪತ್ತೆರಡು ವರ್ಷ ಅದರಲ್ಲೇ ಪಳಗಿದ ಕೈ. ಭಯವಾದರೆ ಅಂಗೈ ಬೆವರುತ್ತಿತ್ತು. ಅದಕ್ಕೇ ಸೊಂಟದಲ್ಲಿ ಸೀಮೆಸುಣ್ಣದ ಪುಡಿಯ ಚೀಲ.

"ಬೆವರಿದ್ರೇನೇ ಒಳ್ಳೇದು ಕಣೇ. ಗಂಟನ್ನ ಇನ್ನೊಂದ್ಸಲ ನೋಡೋಕೆ ನೆನಪಾಗತ್ತೆ," ಎನ್ನುತ್ತಿದ್ದ.

ಹೋದ ವರ್ಷ ಜೊತೆಯವನೊಬ್ಬ ಇವನ ಕಣ್ಣೆದುರೇ ಬಿದ್ದು ಸತ್ತ. ಅಂದಿನಿಂದ ಈ ಗಟ್ಟಿ ಆಳಿಗೆ ಸ್ಟೂಲು ಹತ್ತಲೂ ಎದೆ ಡವಡವ. ಮೂಲೆ ಹಿಡಿದು ಕೂತವನನ್ನು ಆಸ್ಪತ್ರೆಯವರು ಒಂದು ಪ್ರಯೋಗಕ್ಕೆ ಸೇರಿಸಿಕೊಂಡರು. ದಿನಕ್ಕೆರಡು ಸಲ ಮೂಗಿಗೆ ಔಷಧಿ.

"ಭಯ ತಗ್ಗಿಸೋಕೆ ಅಂತ ಮಿದುಳೇ ತಯಾರಿಸೋ ಪೆಪ್ಟೈಡ್ ಇದು. ನಾವು ಸ್ವಲ್ಪ ಹೆಚ್ಚಿಗೆ ಕೊಡ್ತೀವಿ, ಅಷ್ಟೇ. ಬಹಳ ದಿನ ತಗೊಂಡ್ರೆ ಏನಾಗತ್ತೆ ಅಂತ ಮಾತ್ರ ನಮಗೂ ಪೂರ್ತಿ ಗೊತ್ತಿಲ್ಲ," ಎಂದರು ಡಾಕ್ಟರಮ್ಮ.

ಎರಡೇ ವಾರದಲ್ಲಿ ಅವನು ಮತ್ತೆ ಹಗ್ಗಕ್ಕೆ ಇಳಿದ. ಅವಳು ಹಿಗ್ಗಿ ಹೀರೇಕಾಯಿಯಾದಳು. ಪುಡಿಯ ಚೀಲ ಮೊಳೆಯಲ್ಲೇ ಧೂಳು ತಿನ್ನುತ್ತಿರುವುದು ಆ ಸಡಗರದಲ್ಲಿ ಕಣ್ಣಿಗೆ ಬೀಳಲಿಲ್ಲ.

ಒಂದು ಬೆಳಿಗ್ಗೆ ಮೊಮ್ಮಗಳ ಚೀರಾಟ ಕೇಳಿ ಬಾಲ್ಕನಿಗೆ ಓಡಿದಳು. ಅದು ಐದನೇ ಮಹಡಿ. ಅವನು ಮಗುವನ್ನು ಕಂಬಿಯಾಚೆಗೆ, ಎರಡೂ ಕೈ ಚಾಚಿ, ಗಾಳಿಯಲ್ಲಿ ಹಿಡಿದುಕೊಂಡು ನಿಂತಿದ್ದ. ಮುಖದಲ್ಲಿ ತಿಳಿನಗೆ.

"ಪುಟ್ಟಿ ಅಳ್ತಿದಾಳೆ ನೋಡೇ. ಯಾಕೆ ಅಂತಾನೇ ಗೊತ್ತಾಗ್ತಿಲ್ಲ."

ಮಗುವನ್ನು ಕಸಿದುಕೊಂಡು ಒಳಗೆ ಓಡಿದವಳು ಬಾಗಿಲಿಗೆ ಚಿಲಕ ಹಾಕಿದಳು. ಅವನು ಆಚೆಯಿಂದ ಮೆಲ್ಲಗೆ ಬಾಗಿಲು ತಟ್ಟುತ್ತಲೇ ಇದ್ದ.

ಡಾಕ್ಟರಮ್ಮ ಅಂದೇ ಔಷಧಿ ನಿಲ್ಲಿಸಿದರು. "ಎರಡು ವಾರದಲ್ಲಿ ಭಯ ವಾಪಸ್ ಬರಬೇಕು," ಎಂದರು. ಎರಡು ವಾರ ಹೋಯಿತು, ಐದೂ ಹೋಯಿತು. ಕೆಲಸದಲ್ಲಿ ಅವನ ಗಂಟುಗಳನ್ನು ಬೇರೆಯವರು ನೋಡುತ್ತಿದ್ದರು. ಮನೆಯಲ್ಲಿ ಮೊಮ್ಮಗಳನ್ನು ಅವನ ಹತ್ತಿರ ಬಿಡುತ್ತಿರಲಿಲ್ಲ. ಕಟ್ಟಿಕೊಂಡ ಗಂಡನನ್ನು ಕಂಡರೇ ಅವಳಿಗೆ ಹೆದರಿಕೆ. ಪ್ರತಿ ಸಂಜೆ ಒಂದೇ ಪ್ರಶ್ನೆ:

"ಇವತ್ತಾದ್ರೂ ಭಯ ಆಯ್ತಾ?"

"ಇಲ್ವಲ್ಲೇ," ಎನ್ನುತ್ತಿದ್ದ, ಪಾಪ, ಬೇಜಾರಿನಿಂದ.

ಆರನೇ ವಾರ ಒಂದು ಸಂಜೆ ಬಂದವನೇ ಹೊಸ್ತಿಲಲ್ಲೇ ಕುಸಿದು ಕೂತ. ಕೈಗಳು ಗಡಗಡ ನಡುಗುತ್ತಿದ್ದವು.

"ಭಯ ಆಯ್ತು ಕಣೇ! ಕೆಳಗೆ ನೋಡ್ದೆ, ಜೀವ ಬಾಯಿಗೆ ಬಂತು."

ಅವಳಿಗೆ ಹೋದ ಜೀವ ಬಂದಂತಾಯಿತು. ಅಳುತ್ತಾ ಓಡಿಬಂದು ಅವನ ಕೈಗಳನ್ನು ತನ್ನ ಕೈಗಳಲ್ಲಿ ಹಿಡಿದುಕೊಂಡಳು.

ನಡುಕ ನಿಲ್ಲಲಿಲ್ಲ. ಅಂಗೈ ಮಾತ್ರ ಒಣಗಿತ್ತು.

ತಲೆಯೆತ್ತಿ ನೋಡಿದಳು. ಸರಿಯಾಗಿ ಮಾಡಿದೆನೇ ಎಂದು ಕೇಳುವವನಂತೆ ಅವನು ಅವಳ ಮುಖವನ್ನೇ ನೋಡುತ್ತಿದ್ದ.

"ಇನ್ನಾದ್ರೂ ಪುಟ್ಟೀನ ಕೊಡ್ತೀಯಾ?" ಎಂದು ಆ ನಡುಗುವ ಕೈಗಳನ್ನು ಚಾಚಿದ.