ಚೂಟಿ ಎಂಬ ಬಿರುದು

ಚೂಟಿ ಅನ್ನುವ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ನಿಘಂಟು ತೆಗೆದರೆ ಚುರುಕು, ಚಟುವಟಿಕೆ ಅಂತ ಚೆಂದದ ಅರ್ಥವೇ ಇದೆ. ಐ.ಡಿ.ಹಳ್ಳಿ ಕಡೆಯ ನಮ್ಮೂರಲ್ಲಿ ಅದರ ಅರ್ಥ ಒಂದೇ: ಎಷ್ಟು ಹೇರಿದರೂ ಇವಳು ಬೇಡ ಅನ್ನುವುದಿಲ್ಲ. ಮೀಸೆ ಬಂದ ಗಂಡಸಿಗೆ ಯಾರೂ ಈ ಬಿರುದು ಕೊಟ್ಟಿದ್ದನ್ನು ನಾನು ಕಾಣೆ.

ಅಮ್ಮ ಊರಿಗೇ ಚೂಟಿ. ಶಿವರಾತ್ರಿ ಕಳೆದು ಹುಣಸೆಹಣ್ಣು ಮನೆಗೆ ಬಂತೆಂದರೆ ನಮ್ಮಲ್ಲಿ ಹೆಂಗಸರು ಮುಯ್ಯಿಯ ಮೇಲೆ ಕೆಲಸ ಮಾಡುತ್ತಾರೆ. ಇವತ್ತು ನಿಮ್ಮ ಅಂಗಳದಲ್ಲಿ ನಾನು, ನಾಳೆ ನಮ್ಮ ಅಂಗಳದಲ್ಲಿ ನೀವು. ಮುಯ್ಯಿಯಲ್ಲಿ ಆಳಿಗೆ ಆಳು ಸಮ. ಯಾರು ಎಷ್ಟು ದುಡಿದರು ಅಂತ ಯಾರೂ ತೂಗುವುದಿಲ್ಲ. ಸಿಪ್ಪೆ ತೆಗೆಯುವುದು, ನಾರು ಎಳೆಯುವುದು ಹರಟುತ್ತ ಆಗುವ ಕೆಲಸ. ಬೆಳಗಿಂದ ಬೈಗಿನವರೆಗೆ ಸುತ್ತಿಗೆಯಲ್ಲಿ ಹಣ್ಣು ಜಜ್ಜಿ ಬೀಜ ಬಿಡಿಸುವುದು ಮಾತ್ರ ಎಲ್ಲರ ಮನೆಯಲ್ಲೂ ಅಮ್ಮನ ಪಾಲಿಗೆ. ನಮ್ಮ ಸರದಿಗೆ ಬಂದವರು ಎಲೆಅಡಿಕೆ ಹಾಕಿಕೊಂಡು ಅರ್ಧ ದಿನ ಕಳೆಯುತ್ತಿದ್ದರು. ಬಗ್ಗಿದವರಿಗೆ ಒಂದು ಗುದ್ದು ಜಾಸ್ತಿ ಅಂತ ಸುಮ್ಮನೆ ಹೇಳಿಲ್ಲ.

ಈ ವರ್ಷ ಅಮ್ಮನ ಬಲಗೈ ಮಣಿಕಟ್ಟು ಊದಿಕೊಂಡಿತು. ನಾನಿರುವ ಸಿರಾದಿಂದ ಮಗಳನ್ನು ಕರೆದುಕೊಂಡು ಊರಿಗೆ ಹೋದವಳು ಅಮ್ಮನನ್ನು ಮಧುಗಿರಿಯಲ್ಲಿ ಡಾಕ್ಟರಿಗೆ ತೋರಿಸಿದೆ. ಇನ್ನು ಸುತ್ತಿಗೆ ಹಿಡಿದರೆ ಮುಂದೆ ಅನ್ನ ಕಲಸುವುದಕ್ಕೂ ಕೈ ಬರುವುದಿಲ್ಲ ಅಂತ ಗದರಿ, ಪಟ್ಟಿ ಕಟ್ಟಿ ಕಳಿಸಿದರು. ಸಂಜೆಗೇ ಚಿಕ್ಕಮ್ಮ ಬಂದಳು. ನಾಳೆ ಅವರ ಮನೆಯ ಹುಣಸೆ. ಅಮ್ಮ ಬರುವುದಿಲ್ಲ ಅಂತ ಖಡಾಖಂಡಿತವಾಗಿ ಹೇಳಿದೆ.

"ನಿಮ್ಮಮ್ಮ ಎಂಥ ಚೂಟಿ, ಒಂದು ಕೈಲೇ ನಾಲ್ಕಾಳು ಕೆಲಸ ಮಾಡ್ತಾಳೆ ಬುಡು" ಅಂದಳು.

ಅಮ್ಮನ ಮುಖ ಅರಳಿತು. ಆ ಅರಳಿದ ಮುಖ ನೋಡಿ ನನಗೆ ಚಿಕ್ಕಮ್ಮನಿಗಿಂತ ಅಮ್ಮನ ಮೇಲೇ ಸಿಟ್ಟು ಬಂತು.

ಬೆಳಗ್ಗೆ ಎದ್ದರೆ ಅಮ್ಮನೂ ಇಲ್ಲ, ಮಗಳೂ ಇಲ್ಲ. ಚಿಕ್ಕಮ್ಮನ ಅಂಗಳಕ್ಕೆ ಓಡಿದೆ. ಪಟ್ಟಿ ಬಿಚ್ಚಿಟ್ಟು, ಊದಿದ ಬಲಗೈಯಲ್ಲಿ ಹಣ್ಣು ಒತ್ತಿ ಹಿಡಿದು, ಎಡಗೈಯಲ್ಲಿ ಸುತ್ತಿಗೆ ಎತ್ತಿ ಅಮ್ಮ ಜಜ್ಜುತ್ತಿದ್ದಳು. ಸುತ್ತ ಕೂತವರ ಬಾಯಲ್ಲಿ ಹೊಗಳಿಕೆಯೋ ಹೊಗಳಿಕೆ. ಕೊಡಿಲ್ಲಿ, ನಾನು ಜಜ್ಜುತ್ತೇನೆ ಅನ್ನುವ ಬಾಯಿ ಒಂದೂ ಇರಲಿಲ್ಲ. ಸುತ್ತಿಗೆ ಕಿತ್ತುಕೊಂಡೆ. ಚಿಕ್ಕಮ್ಮನಿಗೆ ಅದೂ ನಾಟಲಿಲ್ಲ. ಪಕ್ಕದಲ್ಲಿ ಬೀಜ ಆಯುತ್ತಿದ್ದ ನನ್ನ ಮಗಳ ತಲೆ ಸವರಿ, ಅಜ್ಜಿ ಎದ್ದು ಹೋದರೇನಂತೆ, ಮೊಮ್ಮಗಳೂ ಅಷ್ಟೇ ಚೂಟಿ ಅಂದಳು. ಮಗಳ ಮುಖ ಥೇಟ್ ಅಮ್ಮನ ಹಾಗೇ ಅರಳಿತು.

"ಅವಳು ಸೋಮಾರಿ, ನಾನೂ ಸೋಮಾರಿ. ನಮ್ಮನ್ನ ಬಿಟ್ಬುಡಿ" ಅಂದೆ.

ಮಗಳನ್ನು ಎಬ್ಬಿಸಿ, ಅಮ್ಮನನ್ನು ರಟ್ಟೆ ಹಿಡಿದು ಕರೆದುಕೊಂಡು ಹೊರಟೆ. ಡಾಕ್ಟರು ಮಣಿಕಟ್ಟು ಒತ್ತಿ ನೋಡಿದಾಗ ಕಣ್ಣಲ್ಲಿ ಹನಿ ನೀರು ತೆಗೆಯದ ಅಮ್ಮ ದಾರಿಯುದ್ದಕ್ಕೂ ಅತ್ತಳು.

"ನನ್ನ ಕೈ ಹೋದ್ರೆ ಹೋಗ್ಲಿ. ಅಷ್ಟು ಜನದ ಮುಂದೆ ನನ್ನ ಮೊಮ್ಮಗಳನ್ನ ಸೋಮಾರಿ ಅಂದ್ಬುಟ್ಟೆಯಲ್ಲೇ" ಅಂದಳು.