ಅತ್ತೆಯ ಬಲಗಾಲೂ ಡ್ರಮ್ಮಿನ ಮುದುಕನೂ

ನನ್ನ ಅತ್ತೆಗೆ ಅರವತ್ತಾರು ವರ್ಷ. ಕಿಟಕಿ ಪರದೆ, ಸೋಫಾ ಹೊದಿಕೆ ಹೊಲಿಯುವುದು ಅವರ ಕಸುಬು. ಮನೆಯ ಮುಂದಿನ ಕೋಣೆಯೇ ಅಂಗಡಿ. ತುಳಿಯುವ ಮಿಷನ್ನನ್ನು ಬಲಗಾಲೊಂದರಲ್ಲೇ ತುಳಿಯುವುದು ಅವರ ರೂಢಿ. ಎಡಗಾಲು ಪಕ್ಕದಲ್ಲಿ ಮಹಾರಾಣಿಯ ಹಾಗೆ ಸುಮ್ಮನೆ ಕೂತಿರುತ್ತದೆ. ನಾನು ಸೊಸೆಯಾಗಿ ಬಂದ ಹೊಸತರಲ್ಲಿ ಬೆಳಗ್ಗೆ ಎಚ್ಚರವಾಗುತ್ತಿದ್ದುದೇ ಆ ಸದ್ದಿಗೆ. ಬೇರೆಯವರ ಮಿಷನ್ನು ಒಂದೇ ಸಮನೆ ಓಡುತ್ತದೆ, ಇವರದು ಓಡಿ, ಎಡವಿ, ಮತ್ತೆ ಓಡುತ್ತಿತ್ತು. ಪಾಪ, ಕೆಟ್ಟಿರಬೇಕು ಅಂತ ರಿಪೇರಿಯವನನ್ನು ಕರೆಸಿ, ಅತ್ತೆಯ ಹತ್ತಿರ ಚೆನ್ನಾಗಿ ಬೈಸಿಕೊಂಡೆ.

ಮಿಷನ್ನು ಕೆಟ್ಟಿರಲಿಲ್ಲ, ಅತ್ತೆಯೇ ಕೆಟ್ಟಿದ್ದರು. ಕೆಡಿಸಿದ್ದು ಅವರ ತಮ್ಮ. ಆತ ಹಿಂದೆ ಕ್ಯಾಸೆಟ್ ಅಂಗಡಿ ಇಟ್ಟಿದ್ದನಂತೆ. ಮುಚ್ಚುವಾಗ ಯಾರೂ ಕೊಳ್ಳದ ಮಾಲನ್ನೆಲ್ಲ ತಂದು ಅಕ್ಕನ ಮನೆಗೆ ಸುರಿದ. ಅದರಲ್ಲಿ ಒಂದು ಪ್ರೊಗ್ರೆಸಿವ್ ರಾಕ್ ತಂಡದ ಕ್ಯಾಸೆಟ್ಟು. ಒಂದು ಹಾಡು ಶುರುವಾದರೆ ನೀವು ಹೋಗಿ ಬಟ್ಟೆ ಒಗೆದು, ಹಿಂಡಿ, ಒಣಹಾಕಿ ಬರಬಹುದು, ಇನ್ನೂ ಅದೇ ಹಾಡು. ನಾಲ್ಕು ಏಟು ಇರಬೇಕಾದ ಕಡೆ ಏಳು, ಏಳಿರಬೇಕಾದ ಕಡೆ ಇನ್ನೇನೋ. ನನಗಂತೂ ತಲೆ ಗಿರ್ರೆನ್ನುತ್ತದೆ. ಅತ್ತೆಯ ಬಲಗಾಲಿಗೆ ಮಾತ್ರ ಆ ತಂಡದ ಡ್ರಮ್ಮಿನವನು ಕಾಲಲ್ಲಿ ಪೆಡಲ್ಲು ತುಳಿದು ದೊಡ್ಡ ಡ್ರಮ್ಮಿಗೆ ಕೊಡುವ ಏಟು ಹೇಳಿ ಮಾಡಿಸಿದಂತೆ ಕೂತುಬಿಟ್ಟಿತು. ಅಲ್ಲಿಂದ ಈ ಊರಿನ ಅರ್ಧ ಕಿಟಕಿಗಳ ಪರದೆ ಆತನ ತಾಳಕ್ಕೇ ಹೊಲಿದದ್ದು.

ಒಮ್ಮೆ ಟೇಪು ಪ್ಲೇಯರಿಗೆ ಸಿಕ್ಕಿ ಮುದುಡಿಹೋಯಿತು. ಬೇರೆಯವರಾಗಿದ್ದರೆ ಎಸೆಯುತ್ತಿದ್ದರು. ಇವರು ಕೈಕಸುಬಿನವರಲ್ಲವೇ? ಹಾಳಾದ ತುಂಡನ್ನು ಕತ್ತರಿಸಿ ತೆಗೆದು, ಎರಡು ತುದಿಗಳನ್ನೂ ಗುರುತೇ ಸಿಗದಂತೆ ಅಂಟಿಸಿದರು. ಜೋಡಣೆ ಎಲ್ಲಿದೆ ಅಂತ ಹುಡುಕಿ ತೋರಿಸು ನೋಡೋಣ ಅಂತ ನನಗೇ ಎಷ್ಟೋ ಸಲ ಸವಾಲು ಹಾಕಿದ್ದಾರೆ.

ಹೋದ ವರ್ಷ ಆ ಬಲಗಾಲಿನ ಮಂಡಿ ಕೈಕೊಟ್ಟಿತು. ತುಳಿಯುವುದು ಬಿಡಿ, ಮಿಷನ್ನಿಗೆ ಮೋಟಾರು ಹಾಕಿಸಿ ಅಂದರು ಡಾಕ್ಟರು. ನಾನೂ ಅದನ್ನೇ ಅಂದೆ, ಮೊದಲು ನಯವಾಗಿ, ಆಮೇಲೆ ಗಂಟಲು ಹರಿದುಕೊಂಡು. ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಮೋಟಾರು ತಾನೇ ಓಡುತ್ತದೆ, ಆಮೇಲೆ ತನಗೇನು ಕೆಲಸ, ಬಟ್ಟೆ ಹಿಡಿದುಕೊಂಡು ಕೂರುವುದೇ ಅಂತ ಮುಖ ತಿರುಗಿಸಿದರು. ರಾತ್ರಿ ಮಾತ್ರ ಮಂಡಿಗೆ ಎಣ್ಣೆ ತಿಕ್ಕಿಕೊಂಡು ನರಳುವುದು. ನನಗೆ ಸಿಟ್ಟೂ ಬರುತ್ತಿತ್ತು, ಕರುಳೂ ಚುರ್ ಅನ್ನುತ್ತಿತ್ತು.

ಅಷ್ಟರಲ್ಲಿ ಪೇಪರಿನಲ್ಲಿ ಸುದ್ದಿ ಬಂತು. ಅದೇ ತಂಡ ನಮ್ಮೂರಿಗೆ ಬರುತ್ತಿದೆ, ಡ್ರಮ್ಮು ಅದೇ ಮನುಷ್ಯನದು. ಈಗ ಆತ ಎಪ್ಪತ್ತು ದಾಟಿದ ಮುದುಕ, ಮಂಡಿ ಆಪರೇಷನ್ನು ಬೇರೆ ಆಗಿದೆ. ಅತ್ತೆ ಅದನ್ನು ಎರಡು ಸಲ ಓದಿ, ಕನ್ನಡಕ ತೆಗೆದು ನನ್ನ ಕಡೆ ನೋಡಿದರು.

"ಹೋಗಿ ನೋಡೋಣ. ಅವನು ಕಾಲಲ್ಲಿ ಬಾರಿಸೋದು ಬಿಟ್ಟಿದ್ರೆ ನಾನೂ ಬಿಡ್ತೀನಿ, ಮಾರನೇ ದಿನಾನೇ ಮೋಟಾರು ಹಾಕ್ಸು. ಬಿಟ್ಟಿಲ್ಲ ಅಂದ್ರೆ ನೀನು ಇನ್ನೊಂದು ಸಲ ಆ ಮಾತು ಎತ್ತಬಾರದು."

ಸರಿ ಅಂದೆ. ಒಳಗೊಳಗೇ ಲಡ್ಡು ಬಾಯಿಗೆ ಬಿತ್ತು ಅಂತ ಹಿಗ್ಗಿದೆ. ಎಪ್ಪತ್ತು ದಾಟಿದವನು ಅದೇನು ಒದೆಯುತ್ತಾನೆ?

ಭಾನುವಾರ ಮಧ್ಯಾಹ್ನದ ಆಟ. ನನ್ನ ಗಂಡ ಹಲ್ಲುನೋವು ಅಂತ ಉಪಾಯವಾಗಿ ತಪ್ಪಿಸಿಕೊಂಡ. ನಮಗೆ ಸಿಕ್ಕಿದ್ದು ವೇದಿಕೆಯ ಪಕ್ಕಕ್ಕೆ ಚಾಚಿದ್ದ ಮರದ ಮಹಡಿ, ಡ್ರಮ್ಮುಗಳ ನೆತ್ತಿಯ ಮೇಲೆಯೇ. ಅಬ್ಬಾ, ಅವೆಷ್ಟು ಡ್ರಮ್ಮುಗಳೋ, ಪಾತ್ರೆ ಅಂಗಡಿ ಇಟ್ಟ ಹಾಗಿತ್ತು. ಮುದುಕ ಕೋಲೂರಿಕೊಂಡು ಬಂದ. ಅತ್ತೆ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದರೆಂದರೆ ಬಳೆ ಚರ್ಮಕ್ಕೆ ಒತ್ತಿತು. ಮೊದಲನೇ ಹಾಡಿಗೆ ಆತ ಬರೀ ಕೈಯಲ್ಲಿ ಮೆಲ್ಲಗೆ ಸವರಿದ, ಅಷ್ಟೇ. ಮೋಟಾರು ಯಾವ ಬಣ್ಣದ್ದು ತರಲಿ ಅಂತ ನಾನು ಅತ್ತೆಯ ಕಿವಿಯಲ್ಲಿ ಕೇಳಿದೆ. ಅವರು ನಗಲಿಲ್ಲ. ಆಗ ನನ್ನ ನಾಲಿಗೆ ಕಚ್ಚಿಕೊಂಡೆ.

ಎರಡನೆಯದು ಆ ಉದ್ದನೆಯ ಹಾಡು. ದೊಡ್ಡ ಡ್ರಮ್ಮು ಧಡ್ ಅಂದಿದ್ದೇ ತಡ, ಮರದ ಮಹಡಿ, ನಮ್ಮ ಕುರ್ಚಿ, ನನ್ನ ಹಲ್ಲು, ಎಲ್ಲ ಅದುರಿದವು. ಕಾಲಲ್ಲೇ ಬಾರಿಸುತ್ತಿದ್ದ. ಅತ್ತೆಯ ಮುಖ ಅರಳಿ ಮೊರದಷ್ಟಾಯಿತು. ಮಂಡಿಗಿಂಡಿ ಎಲ್ಲ ಮರೆತು ಅವರ ಬಲಗಾಲು ನೆಲ ತುಳಿಯತೊಡಗಿತು. ನಿಜ ಹೇಳುತ್ತೇನೆ, ಸೋಲುತ್ತಿದ್ದೇನೆ ಅಂತ ಗೊತ್ತಿದ್ದೂ ನನಗೆ ಖುಷಿ ತಡೆಯಲಾಗಲಿಲ್ಲ. ತಾಳ ಎತ್ತಲೋ ಹೋಗುತ್ತಿತ್ತು, ನಾನು ಎತ್ತಲೋ ತಲೆ ಆಡಿಸುತ್ತಿದ್ದೆ.

ಒಂದು ಕಡೆ ತಂಡವೆಲ್ಲ ತಟ್ಟನೆ ನಿಂತಿತು. ಸಭಾಂಗಣಕ್ಕೆ ಸಭಾಂಗಣವೇ ಉಸಿರು ಬಿಗಿಹಿಡಿದು ಕೂತಿತ್ತು. ಆ ಮೌನದ ನಟ್ಟನಡುವೆ ನಮ್ಮತ್ತೆ ಧಡ್, ಧಡ್, ಧಡಧಡ ಅಂತ ಒಬ್ಬರೇ ನೆಲ ಗುದ್ದಿದರು.

ಹಾಡಿನಲ್ಲಿ ಅಲ್ಲೊಂದು ಉದ್ದನೆಯ ಮೌನವಿದೆ ಅಂತ ಲೋಕಕ್ಕೆಲ್ಲ ಗೊತ್ತು, ಇವರಿಗೊಬ್ಬರಿಗೆ ಗೊತ್ತಿಲ್ಲ. ಅಂದು ಟೇಪಿನಿಂದ ಕತ್ತರಿಸಿ ಎಸೆದಿದ್ದು ಅದೇ ತುಂಡು. ಜನವೆಲ್ಲ ಕತ್ತೆತ್ತಿ ನೋಡಿದರು. ನೆಲ ಬಾಯಿ ಬಿಡಬಾರದೇ ಅನ್ನಿಸಿತು ನನಗೆ. ಅತ್ತೆ ಕೈಯಿಂದ ಬಾಯಿ ಮುಚ್ಚಿಕೊಂಡರು, ಸದ್ದು ಮಾಡಿದ್ದು ಬಾಯಿಯೇ ಎಂಬಂತೆ. ಮುದುಕ ಮೇಲೆ ನೋಡಿದ. ಹುಬ್ಬು ಹಾರಿಸಿದ. ಧಡ್, ಧಡ್, ಧಡಧಡ ಅಂತ ಅದನ್ನೇ ದೊಡ್ಡ ಡ್ರಮ್ಮಿನಲ್ಲಿ ಬಾರಿಸಿ, ಕೈಯಲ್ಲಿದ್ದ ಡ್ರಮ್ಮಿನ ಕಡ್ಡಿಯನ್ನು ಅತ್ತೆಯ ಕಡೆ ತೋರಿಸಿ ಕಾದ. ನಾನು ಬೇಡ ಅನ್ನುವಷ್ಟರಲ್ಲಿ ಅತ್ತೆ ಎದ್ದು ನಿಂತು ಮತ್ತೆ ಗುದ್ದಿದರು. ಆತ ಉತ್ತರ ಕೊಟ್ಟ. ಇವರು ಒಂದು ಏಟು ಸೇರಿಸಿದರು, ಆತ ಎರಡು. ಜನ ಹುಚ್ಚೆದ್ದು ಕೂಗಿದರು. ನಾನೂ ಮಾನ ಮರ್ಯಾದೆ ಬಿಟ್ಟು ಕುರ್ಚಿಯ ಮೇಲೆ ಹತ್ತಿ ಶಿಳ್ಳೆ ಹಾಕಿದೆ. ನನಗೆ ಶಿಳ್ಳೆ ಬರುತ್ತದೆ ಅಂತ ಗೊತ್ತಾಗಿದ್ದೇ ಅವತ್ತು.

ಕೂತ ಮೇಲೆ ಅತ್ತೆ ಕಟಕಟೆಯಿಂದ ಬಗ್ಗಿ ಬಹಳ ಹೊತ್ತು ಕೆಳಗೆ ನೋಡಿದರು. ಆಮೇಲೆ ನನ್ನ ತೋಳು ಎಳೆದರು.

"ನೋಡೇ, ಎಡಗಾಲು."

ಬಗ್ಗಿ ನೋಡಿದೆ. ಮುದುಕನ ಬಲಗಾಲು ಒಂದು ಮೆತ್ತೆಯ ಮೇಲೆ ಚಾಚಿಕೊಂಡಿತ್ತು. ಪೆಡಲ್ಲನ್ನು ಆಚೆ ಬದಿಗೆ ಸರಿಸಿ, ಅಷ್ಟೂ ಏಟುಗಳನ್ನು ಆತ ಎಡಗಾಲಲ್ಲಿ ಕೊಡುತ್ತಿದ್ದ. ಈ ವಯಸ್ಸಿನಲ್ಲಿ ಮೊದಲಿಂದ ಕಲಿತಿರಬೇಕು. ಅತ್ತೆಯ ಕಣ್ಣು ತುಂಬಿತ್ತು, ನನ್ನದೂ. ಗೆದ್ದಿದ್ದು ಯಾರು ಅಂತ ದಾರಿಯುದ್ದಕ್ಕೂ ಜಗಳವಾಡಿದೆವು, ನಕ್ಕು ನಕ್ಕು ಎರಡು ಸಲ ದಾರಿ ತಪ್ಪಿದೆವು.

ಮಾರನೇ ದಿನ ಬೆಳಗ್ಗೆ ಮಿಷನ್ನಿನ ಸದ್ದು ಎರಡು ಹೆಜ್ಜೆ ಇಟ್ಟು ದೊಪ್ಪನೆ ನಿಲ್ಲುತ್ತಿತ್ತು. ಚಕ್ರ ಹಿಂದಕ್ಕೆ ತಿರುಗಿ ದಾರ ಕಡಿಯುತ್ತಿತ್ತು, ಅತ್ತೆ ತಮ್ಮ ಎಡಗಾಲನ್ನು ಬೈಯುತ್ತಿದ್ದರು. ವಾರದ ಕೊನೆಗೆ ಒಂದು ಪರದೆ ಮುಗಿಯಿತು. ಹಳೇ ಗಿರಾಕಿಯೊಬ್ಬರು ಅದನ್ನು ಬಿಡಿಸಿ, ಹಾವಿನಂತೆ ಹರಿದಿದ್ದ ಅಂಚು ನೋಡಿ ಮುಖ ಸಿಂಡರಿಸಿದರು. ಇದು ನಿಮ್ಮತ್ತೆಯ ಕೈಯಲ್ಲ, ಯಾರು ಹೊಲಿದಿದ್ದು ಅಂತ ಕೇಳಿದರು.

ನನಗೆ ಮೂಗಿನ ತುದಿಯಲ್ಲೇ ಕೋಪ. ಆದರೂ ಅಂಚನ್ನು ನೀಟಾಗಿ ಸವರಿ ಮಡಿಸಿದೆ.

"ಹೊಸಬರು. ಈ ವಾರ ತಾನೇ ಸೇರಿದ್ದಾರೆ. ಸ್ವಲ್ಪ ದಿನ ಕೊಡಿ, ಕಲೀತಾರೆ."