ಗೌರಮ್ಮನವರಿಗೆ ಹೊದಿಸಿದ ಶಾಲು

ಕೊರೊನಾ ಮುಗಿದು ಊರು ಚೇತರಿಸಿಕೊಳ್ಳುತ್ತಿದ್ದ ವರ್ಷ. ಕೊಡಗಿನ ನಾಪೋಕ್ಲಿನಲ್ಲಿ ಒಂದು ಸೇವಾ ಟ್ರಸ್ಟ್ ನಡೆಸುತ್ತಿದ್ದ ಹಳೆಬಟ್ಟೆ ಅಂಗಡಿಗೆ ನಾನು ಮ್ಯಾನೇಜರ್ ಆಗಿದ್ದೆ. ಮನೆಗಳಲ್ಲಿ ಬೇಡವಾದ ಬಟ್ಟೆ, ಕಂಬಳಿಗಳನ್ನು ಜನ ತಂದುಕೊಡುತ್ತಿದ್ದರು. ನಾವು ಅವನ್ನು ಒಗೆಸಿ, ವಿಂಗಡಿಸಿ, ಅಗ್ಗಕ್ಕೆ ಮಾರುತ್ತಿದ್ದೆವು. ಬಂದ ಹಣ ಹಾಸಿಗೆ ಹಿಡಿದ ರೋಗಿಗಳ ಆರೈಕೆಗೆ ಹೋಗುತ್ತಿತ್ತು. ಸಂಬಳ ನನಗೊಬ್ಬನಿಗೆ, ಉಳಿದವರೆಲ್ಲ ಸ್ವಯಂಸೇವಕರು.

ಅವರಲ್ಲಿ ಎಲ್ಲರಿಗಿಂತ ಹಳಬರು ಗೌರಮ್ಮ. ಎಪ್ಪತ್ತು ದಾಟಿತ್ತು. ಅಂಗಡಿ ತೆರೆದ ದಿನದಿಂದ ಬಸ್ಸಿನಲ್ಲಿ ಬಂದು, ಕಿಟಕಿಯ ಪಕ್ಕ ಕೂತು, ಬಟ್ಟೆಗಳ ಹರುಕು ಹೊಲಿದು ಗುಂಡಿ ಹಾಕುತ್ತಿದ್ದರು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ, "ಮ್ಯಾನೇಜರೇ, ನಿಮ್ಮ ಅಂಗಿಗೇ ಗುಂಡಿ ಇಲ್ಲ, ಅಂಗಡಿ ಏನು ನೋಡ್ಕೊಳ್ತೀರಿ?" ಎಂದು ಛೇಡಿಸಿದ್ದರು. ಬಸ್ಸಿನ ಹೊತ್ತಾಗಿ ಕೆಲಸ ಅರ್ಧಕ್ಕೆ ನಿಂತರೆ ಸೂಜಿಯನ್ನು ಆ ಬಟ್ಟೆಗೇ ಚುಚ್ಚಿಡುವುದು ಅವರ ರೂಢಿ. ಕಣ್ಣು ಮಂಜಾದ ಮೇಲೂ ಆ ರೂಢಿ ಬಿಡಲಿಲ್ಲ.

ಕಾಫಿ ಹಣ್ಣು ಕೊಯ್ಯುವ ಪಿಕಿಂಗ್ ನಡೆಯುತ್ತಿದ್ದ ಚಳಿಗಾಲ. ಹತ್ತಿರದ ಎಸ್ಟೇಟಿನಲ್ಲಿ ಕೂಲಿಯವರ ಸಾಲುಮನೆಗಳ ಲೈನಿನಲ್ಲಿದ್ದ ಸೆಲ್ವಿ ಎಂಬ ಕೆಲಸಗಾರ್ತಿ ತನ್ನ ಮಗುವಿಗೆ ನಮ್ಮಲ್ಲಿ ಸ್ವೆಟರ್ ಕೊಂಡಿದ್ದಳು. ಕೆಲವು ದಿನಗಳ ನಂತರ, ಗೌರಮ್ಮ ಬಾರದ ದಿನ, ಕೈಗೆ ಬ್ಯಾಂಡೇಜ್ ಸುತ್ತಿದ ಆ ಮಗುವನ್ನು ಎತ್ತಿಕೊಂಡು ಬಂದಳು.

"ಸಾರ್, ಆ ಸ್ವೆಟರ್‌ಲಿ ಸೂಜಿ ಇತ್ತು. ಪಾಪು ಕೈಯೊಳಗೇ ಮುರ್ದೋಯ್ತು. ಮಡಿಕೇರೀಲಿ ಆಪರೇಷನ್ ಆಯ್ತು. ಎರಡು ಬೆರಳು ಮಡಚಕ್ಕಾಗಲ್ಲ ಅಂತಾರೆ."

ನಮ್ಮಲ್ಲಿ ಹೊಲಿಯುವವರು ಯಾರೆಂದು ಅವಳಿಗೆ ಗೊತ್ತಿತ್ತು. ಖಾಲಿ ಕುರ್ಚಿಯನ್ನೊಮ್ಮೆ ನೋಡಿ ಹೊರಟುಹೋದಳು.

ಟ್ರಸ್ಟ್ ಆಸ್ಪತ್ರೆಯ ಖರ್ಚು ಕೊಟ್ಟಿತು. ಆದರೆ ಗೌರಮ್ಮನವರನ್ನು ಬಿಡಿಸುವುದು ಹೇಗೆ? ಅಧ್ಯಕ್ಷರು ದಾರಿ ಕಂಡುಹಿಡಿದರು: "ಸೂಜಿ ವಿಷಯ ಹೇಳಿದ್ರೆ ಅಜ್ಜಿ ಎದೆ ಒಡ್ಕೊಳ್ತಾರೆ. ಒಂದು ಸನ್ಮಾನ ಮಾಡಿ ಗೌರವವಾಗಿ ಕಳ್ಸುವ." ಹಾವೂ ಸಾಯಬೇಕು, ಕೋಲೂ ಮುರಿಯಬಾರದು! ಮೊದಲು ನಿಜ ಹೇಳೋಣ ಎಂದು ನಾನು ವಾದಿಸಿದೆ. "ನೀವು ಶಾಲು ತನ್ನಿ, ಸಾಕು" ಎಂದರು. ಬೈದುಕೊಳ್ಳುತ್ತಲೇ ಹೋಗಿ ತಂದೆ.

ಪಿಕಿಂಗ್ ಕಾಲದಲ್ಲಿ ಸಭೆಗೆ ಜನ ಎಲ್ಲಿಂದ ಬರಬೇಕು? ಕುರ್ಚಿ ತುಂಬಿಸಲು ಎಸ್ಟೇಟಿನ ಲೆಕ್ಕ ಬರೆಯುವ ರೈಟರಿಗೆ ಹೇಳಿ ಲೈನಿನ ಹೆಂಗಸರನ್ನು ಜೀಪಿನಲ್ಲಿ ಕರೆಸಿದರು. ಯಾರ ಸನ್ಮಾನವೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಮಗುವನ್ನು ಮಡಿಲಲ್ಲಿಟ್ಟುಕೊಂಡು ಸೆಲ್ವಿಯೂ ಮುಂದಿನ ಸಾಲಿನಲ್ಲಿ ಕೂತಿದ್ದಳು.

ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಆಯಿತು. ಗೌರಮ್ಮ ಮೈಕ್ ಹಿಡಿದು, "ಕೈಕಾಲು ಗಟ್ಟಿ ಇರುವ ತನಕ ಬರ್ತೇನೆ" ಎಂದಾಗ ಅಧ್ಯಕ್ಷರು ಜೋರಾಗಿ ಚಪ್ಪಾಳೆ ತಟ್ಟಿದರು. ವೇದಿಕೆ ಇಳಿದ ಗೌರಮ್ಮನವರಿಗೆ ಎದುರಿಗೇ ಆ ಮಗು ಕಂಡಿತು. ಬುಟ್ಟಿಯಿಂದ ಒಂದು ಕಿತ್ತಳೆ ತೆಗೆದು, "ಕೈಗೆ ಏನು ಮಾಡ್ಕೊಂಡೆ ಪುಟ್ಟಾ?" ಎಂದು ನಗುತ್ತ ಕೊಟ್ಟರು. ಸೆಲ್ವಿ ಹಣ್ಣನ್ನು ಕುರ್ಚಿಯ ಮೇಲಿಟ್ಟು, ಮಗುವನ್ನು ಎತ್ತಿಕೊಂಡು ಹೊರಗೆ ನಡೆದಳು.

ಮರುದಿನ ಬೆಳಿಗ್ಗೆ ಗೌರಮ್ಮ ಎಂದಿನ ಬಸ್ಸಿನಲ್ಲೇ ಬಂದರು. ಅವರ ಕುರ್ಚಿಯನ್ನು ಅಧ್ಯಕ್ಷರು ಕಿಟಕಿಯ ಪಕ್ಕದಿಂದ ತೆಗೆಸಿಬಿಟ್ಟಿದ್ದರು. ನಾನು ಯಾರ ಅಪ್ಪಣೆಗೂ ಕಾಯದೆ ಎಲ್ಲವನ್ನೂ ಹೇಳಿದೆ. ಅವರು ಕಂಬಳಿಯ ಮೂಟೆಯ ಮೇಲೆ ಕೂತರು.

"ನಾನು ಕಿತ್ತಳೆ ಕೊಟ್ಟ ಮಗುವಾ?"

"ಹೌದು."

ಆಗ ಅವರ ಬಾಯಿಂದ ಮನೆಮಾತಾದ ಅರೆಭಾಷೆ ಬಂತು. "ನಂಗೆ ಮೊದ್ಲೇ ಯಾಕೆ ಹೇಳಿಲ್ಲೆ?"

ಆಟೋ ಮಾಡಿಕೊಂಡು ಇಬ್ಬರೂ ಲೈನಿಗೆ ಹೋದೆವು. ಬಾಗಿಲಲ್ಲಿ ನಿಂತ ಸೆಲ್ವಿಗೆ ಗೌರಮ್ಮ ಕೈಮುಗಿದರು.

"ಅಜ್ಜಿ, ವಯಸ್ಸಾಯ್ತು, ಸೂಜಿ ಕಾಣ್ಲಿಲ್ಲ. ಅದು ನನಗೆ ಅರ್ಥ ಆಗ್ತದೆ" ಎಂದಳು ಸೆಲ್ವಿ. "ಹಾರ ಹಾಕ್ಕೊಂಡು ನಗ್ತಾ ಬಂದು ಹಣ್ಣು ಕೊಟ್ರಲ್ಲ, ಅದನ್ನ ಮರೆಯಕ್ಕಾಗಲ್ಲ."

"ಅವರಿಗೆ ಗೊತ್ತಿರಲಿಲ್ಲಮ್ಮ, ಟ್ರಸ್ಟಿನವರು ಮುಚ್ಚಿಟ್ಟಿದ್ದರು" ಎಂದೆ.

"ಈಗ ಹಂಗೇ ಹೇಳ್ತೀರಿ, ಸಾರ್" ಎಂದು ಬಾಗಿಲು ಹಾಕಿಕೊಂಡಳು.

ಗೌರಮ್ಮ ಮತ್ತೆ ಅಂಗಡಿಗೆ ಬರಲಿಲ್ಲ. ಆ ಕೆಲಸ ನನಗೆ ಕಲಿಸಿದ್ದು ಇಷ್ಟು: ತಪ್ಪು ಮಾಡಿದವರಿಗೂ ಒಂದು ಹಕ್ಕಿದೆ. ತಪ್ಪನ್ನು ಮೊದಲು ತಾವೇ ತಿಳಿದು, ಕ್ಷಮೆ ಕೇಳಿದರೆ ಎದುರಿಗಿರುವವರು ನಂಬುವಂಥ ಹೊತ್ತಿನಲ್ಲಿ ಕೇಳುವ ಹಕ್ಕು. ಗೌರಮ್ಮನವರಿಂದ ನಾವು ಅದನ್ನೇ ಕಿತ್ತುಕೊಂಡೆವು, ಅದೂ ಸನ್ಮಾನ ಮಾಡಿ.